ಯಾವೂರು ಎಂದು ಕೇಳಬಾರದು

ಹೊನ್ನಾವರದ ಗುಡ್ಡದ ಮೇಲಿರುವ ಸೇಂಟ್ ಕ್ಲೋಟಿಲ್ಡಾ ವಿಶ್ವವಿದ್ಯಾಲಯದಲ್ಲಿ ಯಾರೂ ಯಾರನ್ನೂ ‘ಯಾವೂರು’ ಎಂದು ಕೇಳಬಾರದು ಎಂಬ ನಿಯಮ ಬಂತು. ಬರೆದವನು ರಮಾನಂದ. ಅದರಿಂದ ಮೊದಲು ಬಾಯಿ ಕಟ್ಟಿಹೋದದ್ದೂ ಅವನದೇ.

ಈ ಕಡೆ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ. ಊರು ತಿಳಿದರೆ ಕೇರಿ, ಕೇರಿ ತಿಳಿದರೆ ಮನೆ, ಮನೆ ತಿಳಿದರೆ ಜಾತಿ, ಜಾತಿ ತಿಳಿದರೆ ಚಾ ಯಾವ ಲೋಟದಲ್ಲಿ ಕೊಡಬೇಕೆಂಬ ತೀರ್ಮಾನ. ಅದನ್ನು ಬುಡದಲ್ಲೇ ಕಡಿಯಬೇಕೆಂದು ಕುಲಪತಿ ಫಾದರ್ ಬೊನಾವೆಂಚರ್ ಹೊರಟಿದ್ದರು. ಅಮೆರಿಕದ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಾಗಿತ್ತು. ಅವರಲ್ಲಿ ಜನಾಂಗಭೇದದ ವಿರುದ್ಧ ಒಂದು ವಿಭಾಗವೇ ಇತ್ತು. ಇಲ್ಲಿಯೂ ವೈವಿಧ್ಯ ಕೋಶ ಬೇಕಾಯಿತು. ಖಾಲಿ ಕೋಣೆಯ ಹತ್ತಿರ ಯಾರ ಮೇಜಿದೆ ಎಂದು ಫಾದರ್ ನೋಡಿದರು. ಹಳದೀಪುರದ ಹಂಗಾಮಿ ಗುಮಾಸ್ತ ರಮಾನಂದನ ಮೇಜಿತ್ತು. ಅವನು ಸಂಯೋಜಕನಾದ.

ಆದಮೇಲೆ ಸುಮ್ಮನೆ ಕೂರುವ ಜಾತಿ ಅವನದಲ್ಲ. ಮುಖ ನೋಡಿ ಯಾರನ್ನೂ ಅಳೆಯಬಾರದು ಎಂದು ಬರೆದ. ಅತಿಥಿಗಳ ಪರಿಚಯದಲ್ಲಿ ಊರು, ಪದವಿ ಹೇಳಿದರೆ ಮೇಲು ಕೀಳಾಗುತ್ತದೆ, ಪರಿಚಯವೇ ಬೇಡ ಎಂದ. ಸ್ಥಳೀಯರಿಗೆ ಕೀಳರಿಮೆ ಆಗದಂತೆ ಫಲಕಗಳೆಲ್ಲ ಕನ್ನಡದಲ್ಲೇ ಇರಲಿ ಎಂದ. ಕೆಲಸದ ಅರ್ಜಿಗಳಲ್ಲಿ ಹೆಸರಿಗೆ ಮಸಿ ಬಳಿಯಬೇಕು ಎಂದ. ಮಸಿ ಬಳಿಯುವವನೂ ಅವನೇ ಆದ್ದರಿಂದ ಕಣ್ಣು ಮುಚ್ಚಿಕೊಂಡು ಬಳಿಯುತ್ತಿದ್ದ. ಮೇಜಿನ ಮೇಲೂ ಸ್ವಲ್ಪ ಆಗುತ್ತಿತ್ತು.

“ಹೊಸ ಮೇಡಂ ಬಂದು ತಿಂಗ್ಳಾಯ್ತು ರಮಾನಂದಣ್ಣ,” ಎಂದು ಕ್ಯಾಂಟೀನಿನ ಹೇಮಾ ಒಂದು ಬೆಳಿಗ್ಗೆ ದೂರಿದಳು. “ಅವ್ರಿಗೆ ಮೀನು ಬಡಿಸೂದಾ, ಬರೀ ಸಾರು ಬಡಿಸೂದಾ, ಇವತ್ತಿಗೂ ಗೊತ್ತಿಲ್ಲ. ಕೇಳ್ವಂಗಿಲ್ಲ ಅಂಬ್ರಿ. ಎಂತ ಮಾಡೂದು?”

“ಎರಡೂ ಇಡು. ಅವ್ರೇ ತಕಳ್ಲಿ.”

“ಇಟ್ಟೆ. ಅವ್ರು ಎರಡನ್ನೂ ನೋಡಿ ಬಾಳೆಹಣ್ಣು ತಿಂದು ಹೋದ್ರು.”

ರಮಾನಂದನಿಗೆ ಅವತ್ತು ಬಾಳೆಹಣ್ಣಿನ ಚಿಂತೆಗೆ ಪುರಸೊತ್ತಿರಲಿಲ್ಲ. ಬೆಳಿಗ್ಗೆ ಅಮೆರಿಕದ ಡಾಕ್ಟರ್ ಕೋಲ್ ರೈಲಿನಲ್ಲಿ ಬಂದಿಳಿದು ಸಭಾಂಗಣದಲ್ಲಿ ಭಾಷಣ ಮಾಡುವವರಿದ್ದರು. ಮಧ್ಯಾಹ್ನದ ಮೇಲೆ ಸಂಯೋಜಕ ಹುದ್ದೆಯನ್ನು ಖಾಯಂ ಮಾಡುವ ಸಂದರ್ಶನ.

“ನನ್ನ ಮನಸ್ಸಲ್ಲಿ ನೀನೇ ಇರೂದು,” ಎಂದಿದ್ದರು ಫಾದರ್. “ಆದ್ರೆ ನೀನೇ ಬರ್ದ ನಿಯಮ ಉಂಟಲ್ಲ. ಸಂದರ್ಶನ ಮಾಡ್ಲೇಬೇಕು. ಇನ್ನೊಂದು ಅರ್ಜಿಯೂ ಬಂದದೆ. ಯಾರ್ದೋ ಗೊತ್ತಿಲ್ಲ, ನೀ ಬಳ್ದ ಮಸಿ ಭಾರೀ ದಪ್ಪ.”

ಖಾಯಂ ಆಗದೆ ರಮಾನಂದನಿಗೆ ಮದುವೆ ಇರಲಿಲ್ಲ. ಬಾಡ ಊರಿನ ಅಂಕಿತಾಳಿಗೆ ಅವನು ಒಪ್ಪಿಗೆಯಾಗಿದ್ದ. ಅವಳ ಅಪ್ಪ ದೇವಪ್ಪ ಮಾತ್ರ ‘ಹಂಗಾಮಿ’ ಎಂಬ ಶಬ್ದ ಕೇಳಿದೊಡನೆ ಜಾತಕವನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಹಾಕಿದ್ದ. ಸಂಜೆ ಫೋನ್ ಮಾಡುತ್ತೇನೆ ಎಂದು ರಮಾನಂದ ಅಂಕಿತಾಳಿಗೆ ಹೇಳಿ ಬಂದಿದ್ದ.

ರೈಲು ಬಂತು. ರಮಾನಂದ ‘ಸೇಂಟ್ ಕ್ಲೋಟಿಲ್ಡಾ ವಿಶ್ವವಿದ್ಯಾಲಯಕ್ಕೆ ಸ್ವಾಗತ’ ಎಂದು ಕನ್ನಡದಲ್ಲಿ ಬರೆದ ಫಲಕ ಎದೆಗೆ ಹಿಡಿದು ನಿಂತ. ಪಕ್ಕದಲ್ಲಿ ಕಾರಿನ ಡ್ರೈವರ್ ನಾಗು.

ಮೊದಲು ಇಳಿದವನೊಬ್ಬ ಬಿಳಿಯ. ಬೆನ್ನಿಗೆ ಚೀಲ, ಮೊಣಕಾಲಿನ ಚಡ್ಡಿ, ನಿದ್ದೆಗಣ್ಣು. ಫಲಕವನ್ನು ತಲೆ ಓರೆ ಮಾಡಿ ನೋಡಿದ, ಜಿಲೇಬಿ ಅಂಗಡಿಯ ಮುಂದೆ ನಿಂತವನಂತೆ. ರಮಾನಂದನಿಗೆ ಕನಿಕರವಾಯಿತು. ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿಯಬೇಕಾದವನು ಮಲಗಿಬಿಟ್ಟು ಇಲ್ಲಿಗೆ ಬಂದಿದ್ದಾನೆ, ಪಾಪ.

“ಗುಡ್ ಮಾರ್ನಿಂಗ್,” ಎಂದ ಬಿಳಿಯ, “ಯೂನಿವರ್ಸಿಟಿ...”

“ನೋ ಪ್ರಾಬ್ಲಮ್,” ಎಂದ ರಮಾನಂದ. “ಗೋಕರ್ಣ ಬ್ಯಾಕ್ ಸೈಡ್. ಓಂ ಬೀಚ್, ಕುಡ್ಲೆ ಬೀಚ್, ಆಲ್ ದೇರ್.” ಚೀಲವನ್ನು ತಾನೇ ಎತ್ತಿ ರಿಕ್ಷಾದೊಳಗೆ ಹಾಕಿ, “ಕುಮಟೆ ಬಸ್ಸಿಗೆ ಹತ್ಸು ಮಾರಾಯಾ, ಕಂಡಕ್ಟರಿಗೆ ಗೋಕರ್ಣ ಅಂತ ಗಟ್ಟಿ ಹೇಳು,” ಎಂದ. ಬಿಳಿಯ ಏನೋ ಹೇಳುತ್ತಿದ್ದ. ರಿಕ್ಷಾದ ಸದ್ದಿನಲ್ಲಿ ಅದು ಥ್ಯಾಂಕ್ಸ್ ಎಂದೇ ಇರಬೇಕು. ದಿನದ ಮೊದಲ ಒಳ್ಳೆಯ ಕೆಲಸ ಮುಗಿಸಿದ ತೃಪ್ತಿಯಲ್ಲಿ ರಮಾನಂದ ತಿರುಗಿದ.

ಹಿಂದೆ ಇನ್ನೊಬ್ಬರು ನಿಂತಿದ್ದರು. ಕಪ್ಪು ಮೈ, ಗುಂಗುರು ಕೂದಲು, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಚರ್ಮದ ಚೀಲ. ಫಲಕವನ್ನು ಓದಿ ನೇರವಾಗಿ ಬಂದು ನಕ್ಕರು.

ಯಲ್ಲಾಪುರದ ಕಡೆಯ, ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದು ನೆಲೆಸಿದ ಸಿದ್ದಿ ಜನರಿರಬಹುದೇ ಎಂದು ರಮಾನಂದನ ಮನಸ್ಸು ಒಂದು ಗಳಿಗೆ ಅಂದಿತು. ಕೂಡಲೇ ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಮುಖ ನೋಡಿ ಊರು ಹೇಳುವುದೆಂದರೆ ಇದೇ ಅಲ್ಲವೇ. ಅಮೆರಿಕದಲ್ಲಿ ಎಲ್ಲ ಬಣ್ಣದವರೂ ಇದ್ದಾರೆ. ಫಲಕ ಓದಿದ್ದು ಹೇಗೆ? ಮೂಲೆಯಲ್ಲಿ ಶಿಲುಬೆಯ ಚಿತ್ರ ಉಂಟಲ್ಲ.

“ಡಾಕ್ಟರ್?” ಎಂದ.

“ಯೆಸ್ ಸರ್. ಐ ಆಮ್ ಫ್ರಮ್...”

ರಮಾನಂದ ಪೊಲೀಸರಂತೆ ಅಂಗೈ ಎತ್ತಿದ. “ಪ್ಲೀಸ್, ಡೋಂಟ್ ಟೆಲ್. ಇನ್ ಅವರ್ ಕ್ಯಾಂಪಸ್, ನೋ ಪ್ಲೇಸ್, ನೋ ನೇಮ್. ಯೂ ಆರ್ ಯೂ.”

ಬಂದವರು ಸ್ವಲ್ಪ ಯೋಚಿಸಿ, ಅರ್ಥವಾದವರಂತೆ ತಲೆಯಾಡಿಸಿ, ಬೆನ್ನು ನೆಟ್ಟಗೆ ಮಾಡಿ ಕಾರಿನಲ್ಲಿ ಕುಳಿತರು.

ಕಾರು ಹೆದ್ದಾರಿಗೆ ಬರುವಷ್ಟರಲ್ಲಿ ನಾಗುವಿಗೆ ತಡೆಯಲಾಗಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುತ್ತ, “ರಮಾನಂದಣ್ಣ, ಕ್ರಿಕೆಟ್ ಆಡ್ತಿದ್ರಾ ಕೇಳಿ. ಬೌಲಿಂಗ್ ಹಾಕೂ ಕೈ ಇದ್ದಾಂಗೆ ಕಾಣ್ತದೆ,” ಎಂದ.

“ಬಾಯ್ಮುಚ್ಚು ನಾಗು. ಹಂಗೆಲ್ಲ ಹೇಳೂದೇ ಜನಾಂಗಭೇದ.”

“ನಾ ಎಂತ ಬೈದ್ನಾ? ಬೌಲಿಂಗ್ ಅಂದೆ.”

“ಹೊಗಳೂದೂ ಭೇದವೇ.”

“ಬೈಯೂಕಿಲ್ಲ, ಹೊಗಳೂಕಿಲ್ಲ, ಊರು ಕೇಳೂಕಿಲ್ಲ. ಮತ್ತೆ ಮನ್ಷರು ಮಾತಾಡೂದೆಂತ?”

“ಹವಾ ಮಾತಾಡು.”

“ಸೆಕೆ,” ಎಂದ ನಾಗು, ಮುಖ ಊದಿಸಿಕೊಂಡು. ಹಿಂದೆ ಕುಳಿತವರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ಅವರ ಭುಜ ಅಲುಗುತ್ತಿತ್ತು. ರಸ್ತೆ ಹಾಳಾಗಿದೆ ಎಂದು ರಮಾನಂದ ಅಂದುಕೊಂಡ.

ಸಭಾಂಗಣ ತುಂಬಿತ್ತು. ಆಡಳಿತ ಮಂಡಳಿಯವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಅತಿಥಿಗೆ ಗಂಧದ ಹಾರ ಬಿತ್ತು. ಅವರು ಹಾರವನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ನಿಯಮದ ಪ್ರಕಾರ ಪರಿಚಯ ಇರಲಿಲ್ಲ. “ಈಗ ನಮ್ಮ ಅತಿಥಿ ವೈವಿಧ್ಯದ ಬಗ್ಗೆ ಮಾತಾಡ್ತಾರೆ,” ಎಂದಷ್ಟೇ ಹೇಳಿ ಫಾದರ್ ಕುಳಿತರು.

ಅತಿಥಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ಹಿಂದಿನ ಬೆಂಚುಗಳು ಆಕಳಿಸತೊಡಗಿದ್ದನ್ನು ನೋಡಿ ನಿಲ್ಲಿಸಿ, “ಕನ್ನಡದಲ್ಲೇ ಹೇಳ್ಲಾ?” ಎಂದರು.

ಚಪ್ಪಾಳೆಗೆ ಗೋಡೆಯ ಹಲ್ಲಿ ಕೆಳಗೆ ಬಿತ್ತು. ರಮಾನಂದನ ಪಕ್ಕದಲ್ಲಿದ್ದ ಲೆಕ್ಕಪತ್ರದ ಸಂಜಯ, “ನೋಡು, ಅಮೆರಿಕದವ್ರು ಒಂದು ಭಾಷಣಕ್ಕಾಗಿ ಕನ್ನಡ ಕಲ್ತು ಬಂದಾರೆ. ನೀನು ಕೊಂಕಣಿ ಕಲೀಲಿಲ್ಲ,” ಎಂದು ಚುಚ್ಚಿದ. ರಮಾನಂದನ ಕುತ್ತಿಗೆಯಲ್ಲಿ ಸಣ್ಣಗೆ ಬೆವರೊಡೆಯಿತು. ಅಷ್ಟು ಚೆನ್ನಾಗಿ ಹೇಗೆ ಕಲಿತರು?

“ನಾನು ಬಸ್ಸಲ್ಲಿ ಕೂತ್ರೆ ಪಕ್ಕದವ್ರು ‘ವಿಚ್ ಕಂಟ್ರಿ’ ಕೇಳ್ತಾರೆ,” ಎಂದರು ಅತಿಥಿ. “ಯಲ್ಲಾಪುರ ಅಂತೇನೆ. ‘ಅದು ಆಫ್ರಿಕದಲ್ಲಿ ಎಲ್ಲಿ ಬರ್ತದೆ’ ಅಂತಾರೆ. ಘಟ್ಟ ಇಳ್ಯೂಕಿಂತ ಮೊದ್ಲೇ ಬರ್ತದೆ ಅಂತೇನೆ. ನಂಬೂದಿಲ್ಲ. ನಮ್ಮಜ್ಜನ ಅಜ್ಜ ಅಲ್ಲೇ ಹುಟ್ಟಿದ್ದು. ಊರು ಕೇಳಿದ್ರೆ ನಂಗೆ ಬೇಜಾರಿಲ್ಲ. ಹೇಳಿದ್ದನ್ನ ನಂಬ್ದೇ ಇದ್ರೆ ಬೇಜಾರು.”

ಸಭೆ ನಕ್ಕಿತು. ರಮಾನಂದ ಒಬ್ಬನಿಗೆ ಮಾತ್ರ ಕಿವಿಯಲ್ಲಿ ರೈಲು ಹೋದಂತಾಯಿತು.

“ಇವತ್ತು ಬೆಳಿಗ್ಗೆ ಮೊದಲ್ನೇ ಸಲ ಒಬ್ರು ನನ್ನ ಊರು ಕೇಳ್ಲಿಲ್ಲ,” ಎಂದು ಅವರು ಮುಂದುವರಿಸಿದರು. “ಖುಷಿಯಾಯ್ತು. ಆದ್ರೆ ಹೇಳೂಕೂ ಬಿಡ್ಲಿಲ್ಲ.”

ಅದೇ ಹೊತ್ತಿಗೆ ರಮಾನಂದನ ಕಿಸೆಯಲ್ಲಿ ಫೋನ್ ನಡುಗಿತು. ಗೋಕರ್ಣದ ಯಾವನೋ ಅಂಗಡಿಯವನು. “ಇಲ್ಲೊಬ್ಬ ಬಿಳಿಯ ಕೂತು ಎರಡು ಎಳನೀರು ಕುಡ್ದ. ತಾನು ಡಾಕ್ಟರ್ ಕೋಲ್ ಅಂಬನು. ನಿಮ್ಮ ನಂಬರು ತೋರ್ಸ್ತಾ ಇದ್ದ. ಭಾಷಣ ಮಾಡ್ಬೇಕಂತೆ. ನಮ್ಮಲ್ಲೇ ಮಾಡ್ಸೂದಾ?”

ರಮಾನಂದ ಬೆಕ್ಕಿನಂತೆ ಹೊರಗೆ ಜಾರಿದ. ಫಾದರಿಗೆ ಹೇಳಲು ಧೈರ್ಯ ಬರಲಿಲ್ಲ. ಸಂದರ್ಶನದ ಹೊತ್ತಿಗೆ ಹೇಗಾದರೂ ವಾಪಸ್ ಬಂದರಾಯಿತು ಎಂದು ನಾಗುವನ್ನು ಎಬ್ಬಿಸಿ ಕಾರು ಹತ್ತಿದ.

ಕುಮಟೆಯಲ್ಲಿ ರಸ್ತೆ ಅಗೆದಿದ್ದರು. ಗೋಕರ್ಣದಲ್ಲಿ ಅಂಗಡಿಯವನು, “ಇಷ್ಟೊತ್ತು ಕಾದು ಕಾದು ಮೀಯೂಕೆ ಹೋದ,” ಎಂದು ಸಮುದ್ರದ ಕಡೆ ಕೈ ತೋರಿಸಿದ. ದಂಡೆಯ ಮೇಲೆ ಬಿಳಿಯರು ಒಣಹಾಕಿದ ಮೀನಿನಂತೆ ಸಾಲಾಗಿ ಬಿದ್ದುಕೊಂಡಿದ್ದರು. ಮುಖ ನೋಡಿ ಅಳೆಯಬಾರದೆಂದು ಬರೆದವನಿಗೆ ಈಗ ಅಳೆಯಬೇಕೆಂದರೂ ಒಂದು ಮುಖ ಇನ್ನೊಂದರಂತೆಯೇ ಕಾಣುತ್ತಿತ್ತು. ಒಬ್ಬೊಬ್ಬರ ಬಳಿಯೂ ಬಗ್ಗಿ, “ಡಾಕ್ಟರ್?” ಎಂದು ಕೇಳುತ್ತ ಹೋದ. ಒಬ್ಬಳು ತನ್ನ ಹೊಟ್ಟೆನೋವಿನ ವಿಷಯ ಹೇಳತೊಡಗಿದಳು.

ಕೋಲ್ ಸಿಕ್ಕಿದಾಗ ಅವನ ಮೂಗು ಬಿಸಿಲಿಗೆ ಸುಟ್ಟು ಕೋಕಮ್ಮಿನ ಹಣ್ಣಿನಂತೆ ಕಡುಗೆಂಪಾಗಿತ್ತು. ಹಿಂದಿರುಗುವಾಗ ಅವನು ಒಂದೂ ಮಾತಾಡಲಿಲ್ಲ. ನಾಗು ಮಾತ್ರ ಆಗಾಗ “ಸೆಕೆ,” ಎನ್ನುತ್ತಿದ್ದ.

ಗುಡ್ಡ ಹತ್ತುವಾಗ ಸೂರ್ಯ ಇಳಿದಿದ್ದ. ಫಾದರ್ ಮೆಟ್ಟಿಲ ಮೇಲೆಯೇ ನಿಂತಿದ್ದರು.

“ಎಲ್ಲಿಗೆ ಹೋಗಿದ್ದಿ ಮಾರಾಯಾ? ಸಂದರ್ಶನ ಮುಗ್ದೇ ಹೋತು. ಬೆಳಿಗ್ಗೆ ಭಾಷಣ ಮಾಡ್ದವ್ರು ಅಮೆರಿಕದವ್ರಲ್ಲ, ಆ ಇನ್ನೊಂದು ಅರ್ಜಿಯವ್ರು. ಡಾಕ್ಟರ್ ಬಸ್ತ್ಯಾಂವ್ ಸಿದ್ದಿ. ಪಾಪ, ಅವ್ರು ಹಾರ, ಭಾಷಣ ಎಲ್ಲ ಸಂದರ್ಶನದ ಭಾಗವೇ ಅಂದ್ಕೊಂಡಿದ್ರು. ಕಾರ್ ಕಳ್ಸಿ ಕರ್ಸ್ಕೊಂಡ್ರಲ್ಲ, ಎಂಥಾ ಸಂಸ್ಥೆ ಅಂತ ಹೊಗಳಿದ್ರು. ಮಂಡಳಿಯವ್ರು ಎದ್ದು ನಿಂತು ಕೈ ಕುಲುಕಿ, ಇವತ್ತಿಂದ್ಲೇ ಕೆಲ್ಸ ಕೊಟ್ರು. ಇನ್ನೊಬ್ರು ಗೈರು ಅಂತ ಬರ್ಕೊಂಡ್ರು.”

“ಆ ಇನ್ನೊಬ್ಬ ನಾನು ಅಂತ ನೀವು ಹೇಳ್ಲಿಲ್ವಾ ಫಾದರ್?”

“ಹೇಳೂದು ಹೆಂಗೆ? ಹೆಸ್ರು ಹೇಳಿದ್ರೆ ಪಕ್ಷಪಾತ. ನೀನೇ ಬರ್ದದ್ದು.” ಫಾದರ್ ಅವನ ಹೆಗಲು ತಟ್ಟಿದರು. ಅಷ್ಟರಲ್ಲಿ ಅವರ ಕಣ್ಣು ಕೋಲ್‌ನ ಮೂಗಿನ ಮೇಲೆ ಬಿತ್ತು. “ಇವ್ರು ಯಾರು?”

ಕೋಲ್ ಆಗ ಬಾಯಿ ಬಿಟ್ಟ. ಅಚ್ಚುಕಟ್ಟಾಗಿ, ನಿಧಾನವಾಗಿ ಹೇಳಿದ. ಈ ಮನುಷ್ಯ ನನ್ನ ಚರ್ಮ ನೋಡಿದ. ನನ್ನ ಮಾತು ಕೇಳಲಿಲ್ಲ. ನಾನು ಎಲ್ಲಿಗೆ ಹೋಗಬೇಕೆಂದು ಅವನೇ ನಿರ್ಧರಿಸಿದ. ನಾನು ಇಪ್ಪತ್ತು ವರ್ಷದಿಂದ ಇದರ ಬಗ್ಗೆಯೇ ಪಾಠ ಮಾಡುತ್ತಿದ್ದೇನೆ, ಅನುಭವ ಇವತ್ತೇ ಆದದ್ದು. ದೂರು ಯಾರಿಗೆ ಕೊಡಬೇಕು?

ದೂರು ಬಂದರೆ ಅದೇ ದಿನ ಸಂಯೋಜಕರು ವಿಚಾರಿಸಬೇಕು ಎಂಬುದೂ ರಮಾನಂದನದೇ ನಿಯಮ.

ಕೋಶದ ಕೋಣೆಯಲ್ಲಿ, ಬೆಳಿಗ್ಗೆಯವರೆಗೂ ರಮಾನಂದ ಕೂರುತ್ತಿದ್ದ ಕುರ್ಚಿಯಲ್ಲಿ ಡಾಕ್ಟರ್ ಬಸ್ತ್ಯಾಂವ್ ಕುಳಿತಿದ್ದರು. ಕೋಟನ್ನು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದ್ದರು. ಗಂಧದ ಹಾರ ಕಿಟಕಿಯ ಚಿಲಕಕ್ಕೆ ನೇತಾಡುತ್ತಿತ್ತು. ರಮಾನಂದ ಎದುರಿಗೆ ನಿಂತ. ಕಿಸೆಯಲ್ಲಿ ಫೋನ್ ನಡುಗಿತು. ಅಂಕಿತಾ. ಅವನು ಅದನ್ನು ಬಟ್ಟೆಯ ಮೇಲಿಂದಲೇ ಒತ್ತಿ ಸುಮ್ಮನಾಗಿಸಿದ.

“ಕೂತ್ಕಳಿ,” ಎಂದರು ಬಸ್ತ್ಯಾಂವ್. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿ ಪಕ್ಕಕ್ಕಿಟ್ಟರು. “ಇರ್ಲಿ, ಅದು ಆಮೇಲೆ. ಊರು ಯಾವ್ದಾಯ್ತು ನಿಮ್ದು?”

ರಮಾನಂದ ಗೋಡೆಯ ಮೇಲೆ ತಾನೇ ಅಂಟಿಸಿದ ನಿಯಮವನ್ನು ನೋಡಿದ.

“ಹಳದೀಪುರ.”

“ಹೌದಾ. ಹಳದೀಪುರದಲ್ಲಿ ಎಲ್ಲಿ?”

ಅವನು ಕೇರಿ ಹೇಳಿದ. ಮನೆ ಹೇಳಿದ. ಅಪ್ಪನ ಹೆಸರು ಹೇಳಿದ. ಹೇಳುತ್ತ ಹೋದಂತೆ ಎದೆ ಸ್ವಲ್ಪ ಹಗುರಾಯಿತು. ಬಸ್ತ್ಯಾಂವ್ ಎಲ್ಲವನ್ನೂ ನಂಬಿ ತಲೆಯಾಡಿಸಿದರು.

“ನೀವು ಇಲ್ಲೇ ಇದ್ದವ್ರು, ನಿಮ್ಗೆ ಗೊತ್ತಿರ್ತದೆ,” ಎಂದರು ದನಿ ತಗ್ಗಿಸಿ. “ಈ ಕೆಲ್ಸಕ್ಕೆ ಇನ್ನೊಬ್ರು ಅರ್ಜಿ ಹಾಕಿದ್ರಂತೆ, ಪಾಪ. ಸಂದರ್ಶನಕ್ಕೇ ಬರ್ಲಿಲ್ಲ. ನಂಗೆ ಅದೊಂದು ಮನಸ್ಸಿಗೆ ಚುಚ್ತಾ ಅದೆ. ಯಾರು ಅವ್ರು?”

ರಮಾನಂದ ತನ್ನ ಬೆರಳುಗಳಿಗೆ ಹತ್ತಿದ್ದ ಮಸಿಯನ್ನು ನೋಡಿಕೊಂಡ.

“ಗೊತ್ತಿಲ್ಲ ಸರ್,” ಎಂದ. “ಹೆಸ್ರು ಅಳಿಸಿತ್ತು.”