ಹನ್ನೊಂದನೆಯ ಪ್ರತಿಷ್ಠಾಪನೆ

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದರೆ ಮುಪ್ಪು ಕಳೆದು ಹರೆಯ ಬರುತ್ತದೆ ಎಂದು ಎಲ್ಲೋ ಓದಿದೆ. (ಕಂಪ್ಯೂಟರಿಗೆ. ಅಪಾರ್ಥ ಬೇಡ.) ವೃತ್ತಿಯಲ್ಲಿ ನಾನು ವಿಮಾ ಕಚೇರಿಯ ಗುಮಾಸ್ತ, ಹವ್ಯಾಸದಲ್ಲಿ, ಅಂದಿನಿಂದ, ಸೃಷ್ಟಿಕರ್ತ. ಮನೆಯಲ್ಲಿದ್ದ ಹಳೆಯ ಕಂಪ್ಯೂಟರ್ ಒಂದೇ. ಅದು ಹೆಂಡತಿಯದು.

ನನ್ನವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಗಿರಾಕಿಗಳ ಅಳತೆಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸುವುದು ಅವಳ ಪದ್ಧತಿ. ಲಿನಕ್ಸ್ ಬಂತು, ಕಂಪ್ಯೂಟರ್ ಜಿಂಕೆಯಾಯಿತು, ಪ್ರಿಂಟರ್ ಮೌನವ್ರತ ಹಿಡಿಯಿತು. ಎರಡು ವಾರದಾಚೆಯ ಶನಿವಾರಕ್ಕೆ ಗಾಯನ ತಂಡವೊಂದಕ್ಕೆ ಹದಿನಾರು ಅಂಗಿ ಕೊಡಬೇಕಿತ್ತು. ತಪ್ಪಿದರೆ ಆ ತಂಡ ಎದುರು ಬೀದಿಯ ಟೈಲರ್ ಪಾಲು.

ನನ್ನದೊಂದು ಘನ ಸಿದ್ಧಾಂತ: ತಪ್ಪು ಬಂದರೆ ಅದನ್ನು ಓದುತ್ತ ಕೂರಬಾರದು, ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಕು. ಎರಡು ವಾರದಲ್ಲಿ ಹತ್ತು ಸಲ ಅಳಿಸಿ, ಲಿನಕ್ಸನ್ನು ಮತ್ತೆ ಪ್ರತಿಷ್ಠಾಪಿಸಿದೆ. (ನಕ್ಷೆಗಳನ್ನೆಲ್ಲ ಅವಳು ಮೊದಲೇ ಪೆನ್ ಡ್ರೈವಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನನ್ನ ಮೇಲೆ ಅಷ್ಟು ನಂಬಿಕೆ.)

"ಏನಂತ್ರೀ ಅದರ ತಕರಾರು?"

"ನಿಂಗೆ ಅರ್ಥ ಆಗಲ್ಲ ಬಿಡು."

"ನಿಮಗೆ ಆಗಿದ್ಯಾ?"

ನಾನು ಪ್ರಿಂಟರಿನ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದೆ.

ಬುಧವಾರ ಹನ್ನೊಂದನೆಯ ಪ್ರತಿಷ್ಠಾಪನೆಯೂ ನೆಲಕಚ್ಚಿತು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ನನಗೆ ಸಿಕ್ಕಿದ್ದು ಗುಂಡಿ. ಕೀಲಿಮಣೆಗೆ ಟವೆಲ್ ಹೊದಿಸಿದೆ. ಮಂಚದ ಮೇಲೆ ದೊಪ್ಪನೆ ಬಿದ್ದು ಹೇಳಿದೆ: "ನನ್ನ ಕೈಲಾಗಲ್ಲ ಕಣೇ. ನಾನು ದಡ್ಡ."

'ಛೆ, ಹಾಗನ್ಬೇಡಿ' ಎಂಬ ಮಾತಿಗಾಗಿ ಕಿವಿ ನಿಮಿರಿಸಿ ಕಾದೆ.

"ದಡ್ಡ ಅಲ್ಲ, ದಣಿದಿದ್ದೀರಿ. ಹೋಗಿ, ಒಂದು ಸುತ್ತು ನಡ್ಕೊಂಡು ಬನ್ನಿ."

ಎರಡು ಗಂಟೆ ಬಿಟ್ಟು ಬಂದರೆ ಪ್ರಿಂಟರ್ ಗೊರಗೊರ ಎನ್ನುತ್ತ ತೋಳು, ಬೆನ್ನು, ಕಾಲರುಗಳನ್ನು ಉಗುಳುತ್ತಿದೆ! ಪಕ್ಕದಲ್ಲಿ ಅವಳ ಅಳತೆ ಪುಸ್ತಕ. ಒಂದೊಂದು ಸಾಲಿನಲ್ಲೂ ಅವಳು ಏನು ಮಾಡಿದಳು, ಅದಕ್ಕೆ ಯಂತ್ರ ಏನೆಂದಿತು ಎಂಬ ದಾಖಲೆ.

"ಅದು ಪಾಪ, ಪ್ರಿಂಟರಿಗೆ ಬೇಕಾದ ಇಂಥ ಹೆಸರಿನ ಫೈಲ್ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ತಾನೇ ಇತ್ತು. ಅದೊಂದನ್ನ ಹುಡುಕಿ ಹಾಕ್ದೆ. ಕಾಲರ್ ಸೊಟ್ಟ ಆಯ್ತು ಅಂತ ಇಡೀ ಅಂಗಿ ಎಸೀತಾರೇನ್ರೀ? ಆ ಹೊಲಿಗೆ ಮಾತ್ರ ಬಿಚ್ಚಬೇಕು."

ಇಪ್ಪತ್ತು ವರ್ಷ ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಆ ಬೆರಳುಗಳನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದೆ. ಇಷ್ಟು ತಾಳ್ಮೆ ಅವಳಿಗೆ ಎಲ್ಲಿಂದ ಬಂತೆಂದು ಯೋಚಿಸಿದಾಗ, ಅದರ ಅಭ್ಯಾಸಕ್ಕೆ ಮನೆಯಲ್ಲೇ ಒಂದು ಸಾಧನವಿರುವುದು ಹೊಳೆಯಿತು. ನಾನೇ.

ಶನಿವಾರ ಹದಿನಾರೂ ಅಂಗಿ ಹೋದವು. ನಾನೂ ಅವಳ ದಾರಿ ಹಿಡಿದೆ: ಕಂಪ್ಯೂಟರಿಗೆ ದಿನಕ್ಕೊಂದೇ ಆಜ್ಞೆ, ಬಂದ ಉತ್ತರ ಪೂರ್ತಿ ಓದುವುದು, ತಲೆ ಬಿಸಿಯಾದರೆ ವಾಕಿಂಗ್. ಉತ್ಸಾಹ ಮರಳಿತು. "ನಿಮ್ಮ ಕಲಿಕೆಗೆ ಅಂತಾನೇ ಕಂಪ್ಯೂಟರಲ್ಲಿ ನಿಮ್ಮ ಹೆಸರಿಗೆ ಬೇರೆ ಖಾತೆ ಮಾಡಿದ್ದೀನಿ" ಎಂದು ಅವಳು ಹೇಳಿದಾಗಲಂತೂ ನನಗೆ ಬಿರುದು ಸಿಕ್ಕಷ್ಟು ಹಿಗ್ಗು.

ತಿಂಗಳು ಕಳೆದು, ವ್ಯವಸ್ಥೆಯನ್ನು ತುಸು 'ಸುಧಾರಿಸೋಣ' ಎಂದು ದೊಡ್ಡ ಆಜ್ಞೆಯೊಂದನ್ನು ಕೊಟ್ಟೆ. ಉತ್ತರ ಬಂತು. ಈಗ ಓದುವವನಲ್ಲವೇ, ಅಕ್ಷರ ಬಿಡದೆ ಓದಿದೆ: 'ನಿಮಗೆ ಈ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.'

ಯಾರಿಗೆ ವರದಿ ಎಂದು ನಾನಿನ್ನೂ ಯೋಚಿಸುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅವಳ ಮೊಬೈಲ್ ಟಿಣ್ ಎಂದಿತು, ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಏನ್ರೀ, ಸ್ವಲ್ಪ ಇಲ್ಲಿ ಬನ್ನಿ!"