ನಮ್ಮ ಮನೆಯ ಅತಿಥಿಯ ಅವಧಿಯನ್ನು ಇನ್ನು ವಿಸ್ತರಿಸಬಾರದೆಂದು ಬೇಡಿಕೆ

ಪರದೇಶಿ ಯಾತ್ರಿಕರ ವಾಸ್ತವ್ಯ ಕಚೇರಿಯ ದೊಡ್ಡ ಸಾಹೇಬರ ಸನ್ನಿಧಾನಕ್ಕೆ, ಮಡಿಕೇರಿ.

ಮಾನ್ಯರೇ,

ಭಾಗಮಂಡಲದ ಹತ್ತಿರದ ಕೃಷಿಕ ದೇರಪ್ಪನು ಒದ್ದೆ ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಮಡಿಕೇರಿಯ ದಿಕ್ಕಿಗೆ ತಿರುಗಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮೊಹರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿಯೂ ಎಲ್ಲರೂ ಕ್ಷೇಮ. ಎಲ್ಲರಿಗಿಂತ ಹೆಚ್ಚು ಕ್ಷೇಮವಾಗಿರುವವರು ತಾವು ದಯಪಾಲಿಸಿದ ಹಾಬರ್ ಸಾಹೇಬರು.

ಸ್ವಿಟ್ಜರ್ಲೆಂಡಿನ ಈ ಸಜ್ಜನರು ಕಳೆದ ತುಲಾ ಸಂಕ್ರಮಣಕ್ಕೆ ತಲಕಾವೇರಿ ನೋಡಲು ಒಂದು ತಿಂಗಳ ಅಪ್ಪಣೆ ಪಡೆದು ಬಂದವರು, ಒಂಬತ್ತು ತಿಂಗಳು ದಾಟಿ ಕಕ್ಕಡ ಮಾಸದ ಮಳೆ ಸುರಿಯುತ್ತಿರುವ ಈ ಹೊತ್ತಿಗೂ ನಮ್ಮ ಒಳಕೋಣೆಯಲ್ಲಿ ಕುಳಿತು ಎಳೆಬಿದಿರಿನ ಕಣಿಲೆ ಪಲ್ಯ ಉಣ್ಣುತ್ತಿದ್ದಾರೆ. ಅವರ ಅಪ್ಪಣೆಯ ಗಡು ಮುಗಿಯುವಾಗಲೆಲ್ಲ ತಾವು ಅದನ್ನು ಬೆಳೆಸುತ್ತ ಬಂದಿದ್ದೀರಿ. ನಮ್ಮ ಏಲಕ್ಕಿಗೂ ತಾವೇ ಮೊಹರು ಹಾಕಿದ್ದರೆ ಅದೂ ಹೀಗೆಯೇ ಬೆಳೆಯುತ್ತಿತ್ತೋ ಏನೋ.

ತಮ್ಮ ವಿಚಾರಣೆಯ ಕ್ರಮವನ್ನು ಎಷ್ಟು ಹೊಗಳಿದರೂ ಸಾಲದು. ತಮ್ಮ ಜವಾನರು ನಮ್ಮ ಜಗಲಿಗೆ ಬಂದು, ಅತಿಥಿಯನ್ನು ಎದುರಿಗೇ ನಿಲ್ಲಿಸಿಕೊಂಡು, ಇವರು ಇನ್ನೂ ಇರಬಹುದೇ ಎಂದು ಯಜಮಾನನನ್ನು ಕೇಳುತ್ತಾರೆ. ಸ್ವಾಮೀ, ಹೊರಟು ನಿಂತ ನೆಂಟನಿಗೆ ‘ಎಂಥ ಅವಸರ, ಇನ್ನೆರಡು ದಿನ ಇದ್ದು ಹೋಗಿ’ ಎನ್ನದೆ ಇದ್ದರೆ ನಮ್ಮ ಸೀಮೆಯಲ್ಲಿ ಅದು ಪೊರಕೆ ಹಿಡಿದು ಓಡಿಸಿದ್ದಕ್ಕೆ ಸಮ. ನೆಂಟನಾದವನು ‘ಇಲ್ಲ, ತೋಟದಲ್ಲಿ ಕೆಲಸ ಉಂಟು’ ಎಂದು ಚಪ್ಪಲಿ ಮೆಟ್ಟಬೇಕು, ಅದೇ ಪದ್ಧತಿ. ಹುಟ್ಟಿದಂದಿನಿಂದ ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ನಿಜವೆಂದು ನಂಬಿದವರು ಹಾಬರ್ ಸಾಹೇಬರೊಬ್ಬರೇ. ನಾನು ಹೇಳಿದ ತಕ್ಷಣ ಅವರು ಕಣ್ಣೊರೆಸಿಕೊಂಡು ಕೊಡೆಯನ್ನು ಮೂಲೆಗೆ ಇಡುತ್ತಾರೆ. ತಮ್ಮ ಜವಾನರು ‘ಯಜಮಾನರು ಅತ್ತು ಬೇಡಿಕೊಂಡರು’ ಎಂದು ಬರೆದುಕೊಳ್ಳುತ್ತಾರೆ. ಕಳೆದ ಸಲ ನಾನು ಅತ್ತದ್ದು ನಿಜವೇ.

ಏಕೆಂದರೆ ಅಮ್ಮತ್ತಿ ಊರಿಗೆ ಕೊಟ್ಟ ನಮ್ಮ ಒಬ್ಬಳೇ ಮಗಳು ಸುಲೋಚನ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕು. ಮಳೆಗಾಲದಲ್ಲಿ ಗಾಳಿ ಹೊಗದ ಕೋಣೆ ನಮ್ಮಲ್ಲಿರುವುದು ಸಾಹೇಬರಿರುವ ಆ ಒಳಕೋಣೆಯೊಂದೇ. ಮಗಳಿಗೆ ತವರಿನಲ್ಲಿ ಜಾಗವಿಲ್ಲವೇ ಎಂದು ಅವಳ ಅತ್ತೆ ಎರಡು ಸಲ ಹೇಳಿ ಕಳಿಸಿಯಾಯಿತು. ನಾನು ಏಲಕ್ಕಿ ಮೂಟೆಗಳ ನಡುವೆ ಅಟ್ಟದಲ್ಲಿ ಮಲಗಬಲ್ಲೆ, ಆದರೆ ಕೂಸನ್ನು ಅಲ್ಲಿ ಮಲಗಿಸಲಾಗದು. ಅವಳನ್ನು ನೆನೆದರೆ ನನಗೆ ತುತ್ತು ಇಳಿಯುವುದಿಲ್ಲ. ಸಾಹೇಬರಿಗೆ ಮಾತ್ರ ಚೆನ್ನಾಗಿ ಇಳಿಯುತ್ತದೆ.

ಆದುದರಿಂದ ಮುಂದಿನ ವಿಚಾರಣೆಯಲ್ಲಿ ನನ್ನನ್ನು ಬಿಟ್ಟು ನಮ್ಮ ಎಮ್ಮೆಯನ್ನು ಕೇಳಬೇಕು. ಅದಕ್ಕೆ ದಾಕ್ಷಿಣ್ಯವಿಲ್ಲ, ಸಾಹೇಬರನ್ನು ಕಂಡರೆ ಒದೆಯುತ್ತದೆ, ಆ ಒದೆತವನ್ನೇ ಹೇಳಿಕೆಯೆಂದು ದಾಖಲಿಸಬಹುದು. ಅದು ಆಗದಿದ್ದರೆ ಅವರ ಅಪ್ಪಣೆ ಕೊಡಗಿಗೆ ಮಾತ್ರ ಸಲ್ಲುವುದರಿಂದ ನಮ್ಮ ಮನೆಯನ್ನೇ ಕೊಡಗಿನಿಂದ ಹೊರಗೆ ಹಾಕಬೇಕು. ಹಿಂದೆ ಸುಳ್ಯ ಪುತ್ತೂರುಗಳನ್ನೇ ಕೊಡಗಿನಿಂದ ಕೊಯ್ದು ಮಂಗಳೂರಿನ ಕಡೆಗೆ ಸೇರಿಸಿದ ತಮ್ಮ ಇಂಗ್ಲಿಷ್ ಸರ್ಕಾರಕ್ಕೆ ಒಂದು ಹೆಂಚಿನ ಮನೆ ಯಾವ ಲೆಕ್ಕ. ಅದೂ ಆಗದಿದ್ದರೆ ಸಾಹೇಬರನ್ನು ತಮ್ಮ ಬಂಗಲೆಗೆ ಕರೆಸಿಕೊಳ್ಳಬೇಕು. ಅಲ್ಲಿ ಕೋಣೆಗಳು ಬಹಳ ಇವೆಯೆಂದು ಕೇಳಿದ್ದೇನೆ.

ಬಾಯಿಗೆ ಬೀಗ ಹಾಕಿಕೊಳ್ಳಲಾರದ
ತಮ್ಮ ವಿಶ್ವಾಸಿ,
ದೇರಪ್ಪ

ಮರೆತ ಮಾತು: ಈ ಪತ್ರವನ್ನು ನಮ್ಮ ತಾಯಿ ಬೊಳ್ಳಮ್ಮನವರಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ, ‘ಈ ಮಡಿಕೇರಿ ಸಾಯೇಬ್ರೂ ಹೊರಗಿನಿಂದ ಬಂದವರೇ ಅಲ್ವಾ, ಅವರ ಗಡು ಮುಗಿಯೂದು ಯಾವಾಗ?’ ಎಂದರು. ಆ ಪ್ರಶ್ನೆಯನ್ನು ತಮಗೇ ಬರೆದು ಕಳಿಸುತ್ತಿದ್ದೇನೆ. ತಮ್ಮ ಹಿರಿಯರು ನಮ್ಮ ಜಗಲಿ ಹತ್ತಿದ ಕಾಲದಲ್ಲಿ ನಮ್ಮ ಹಿರಿಯರು ಯಾರಾದರೂ ಬಾಯುಪಚಾರಕ್ಕೆ ‘ಇನ್ನೆರಡು ದಿನ ಇದ್ದು ಹೋಗಿ’ ಅಂದಿದ್ದರೆ, ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.