ದವಾಖಾನೆಯ ಟೇಬಲ್ಲಿನ ಮೇಲೆ ರೊಟ್ಟಿ

ದೇವರು ದುಃಖ ಕಳಿಸುವಾಗ ಅದರ ಕೂಡ ಒಂದಿಷ್ಟು ನಗೆಯನ್ನೂ ಗಂಟು ಕಟ್ಟಿ ಕಳಿಸುತ್ತಾನೆ. ನಮ್ಮ ಮನೆಗಂತೂ ಕಳಿಸುತ್ತಲೇ ಇದ್ದಾನೆ. ಹೋದ ವರ್ಷ ನಮ್ಮಾಕೆಗೆ ಲಕ್ವಾ ಹೊಡೆದು ಬಲಗೈ ಸೋತಿತು. ಬಬಲೇಶ್ವರದ ಮಗಳು ಆಕೆ. ಜೋಳದ ರೊಟ್ಟಿ ಬಡಿಯುವ ಕೈ ಅದು. ಜೀವ ಉಳಿದ ಸಂತೋಷಕ್ಕಿಂತ ರೊಟ್ಟಿ ನಿಂತ ದುಃಖವೇ ದೊಡ್ಡದಾಯಿತು. ವಿಜಯಪುರದ ಜಲನಗರದಲ್ಲಿ ಒಂದು ದವಾಖಾನೆ. ಅಲ್ಲಿ ತಲೆಯ ಮೇಲೆ ಬಳೆಯಂಥ ಅಯಸ್ಕಾಂತ ಹಿಡಿದು, ಕೈಗೂ ಮಿದುಳಿಗೂ ನಂಟು ಎಷ್ಟು ಉಳಿದಿದೆಯೆಂದು ಪರೀಕ್ಷೆ ಮಾಡುತ್ತಾರಂತೆ. ನಮ್ಮೂರು ತಿಕೋಟಾದಿಂದ ಬಸ್ಸು ಹತ್ತಿದೆವು.

೧. ತಲೆಯೊಳಗಿನ ಕಬ್ಬಿಣ

ಹೋಲಿಸಿ ನೋಡಲು ಆಕೆಯ ವಯಸ್ಸಿನ, ಗಟ್ಟಿಯಾಗಿರುವ ಒಬ್ಬರು ಬೇಕೆಂದರು. ನಾನೇ ಕುಳಿತೆ.

"ಕಾಕಾರ, ತಲಿಯಾಗ ಕಬ್ಬಿಣ-ಗಿಬ್ಬಿಣ ಏನರ ಐತೇನ್ರಿ?" ಎಂದರು ಡಾಕ್ಟರಮ್ಮ.

ನಾನು ನೆನಪು ಮಾಡಿಕೊಳ್ಳುವುದರೊಳಗೆ ನಮ್ಮಾಕೆ ಅಂದಳು: "ಅದರಾಗ ಏನೂ ಇಲ್ಲ ಯವ್ವಾ. ನಲವತ್ತು ವರ್ಷದಿಂದ ನೋಡಾಕತ್ತೇನಿ."

೨. ಗಡಿಬಿಡಿಯ ಜಪ

"ಹೆಬ್ಬೆರಳಿಗೆ ತೋರುಬೆರಳು ಬಡೀರಿ. ಎಷ್ಟು ಜಲ್ದಿ ಆಗ್ತದೋ ಅಷ್ಟು."

ಬೆರಳಿಗೆ ಬೆರಳು ತಾಗಿದರೆ ನನ್ನ ಬಾಯಿಗೆ ತಾನಾಗಿ 'ಓಂ ನಮಃ ಶಿವಾಯ' ಬರುತ್ತದೆ. ಒಂದೊಂದೇ ಬಡಿದೆ.

"ಜಲ್ದಿ ಜಲ್ದಿ, ಕಾಕಾರ!"

"ಶಿವನ ಹೆಸರು ಯವ್ವಾ, ಗಡಿಬಿಡಿ ನಡಿಯಂಗಿಲ್ಲ."

ಆಮೇಲೆ ತಲೆಯ ಮೇಲೆ ಬಳೆ ಹಿಡಿದು 'ಟಕ್' ಅನಿಸಿದರು. ನನ್ನನ್ನು ಕೇಳದೆಯೇ ನನ್ನ ಹೆಬ್ಬೆರಳು ಜಿಗಿಯಿತು! ನಾನು ಬೆವತೆ. ನಮ್ಮಾಕೆ ಮಾತ್ರ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕಳು: "ಯವ್ವಾ, ಆ ಮಷೀನು ನಮ್ಮನಿಗೆ ಕೊಡ್ತಿಯೇನು? ಒಂದ ಮಾತಿಗೆ ಈ ಮನಶಾ ಎಂದೂ ಎದ್ದಿಲ್ಲ."

೩. ನನಗೂ ಒಂದು ಸಾಲು

ಆಕೆಯ ಸರದಿ. ಟಕ್ ಅಂದಾಗ ಬಲಗೈ ಬೆರಳು ಇರುವೆ ಸರಿದಷ್ಟು ಸರಿಯಿತು.

"ನಂಟು ಐತ್ರಿ!" ಎಂದು ಡಾಕ್ಟರಮ್ಮ ಹಿಗ್ಗಿದರು. "ಮಷೀನು ನೋಡಾಕ ಅಷ್ಟ. ಕೈ ನೀವ ಆಡಿಸಬೇಕು. ಟೇಬಲ್ ಬಡೀರಿ."

ಎರಡು ಸಲ ಬಡಿದು ಆಕೆ ಕೈಚೆಲ್ಲಿದಳು. ಕಣ್ಣು ತುಂಬಿದವು. "ಒಲ್ಲೆ. ನನ್ನ ರೊಟ್ಟಿ ಮುಗೀತು."

ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಈಗ ರೊಟ್ಟಿ ಬಡಿಯುವವನು ನಾನೇ. "ಏನೈತಿ ಅದರಾಗ? ಹಿಂಗ ಬಡದ್ರ ಆತು," ಎಂದು ಟೇಬಲ್ಲಿನ ಮೇಲೆ ಧಪ್ ಧಪ್ ಎಂದು ತೋರಿಸಿದೆ.

"ಅಯ್ಯ, ಎಮ್ಮಿ ಬೆನ್ನ ಚಪ್ಪರಿಸಿದಂಗ! ಸರೀರಿ ಅತ್ತಾಗ!" ಎಂದು ನನ್ನ ಕೈ ನೂಕಿ, ಸೋತ ಕೈಯಿಂದಲೇ ಬಡಿಯತೊಡಗಿದಳು. ಕಿರುಬೆರಳು ಎಳೆಯುತ್ತಿತ್ತು, ಆದರೂ ಪಟ ಪಟ ಪಟ! "ಹಿಂಗ! ತಿರುವಿ ತಿರುವಿ ಬಡೀಬೇಕು!"

ಡಾಕ್ಟರಮ್ಮ ಒಂದೊಂದೇ ಬಡಿತ ಎಣಿಸಿಕೊಂಡರು. ಆಮೇಲೆ ನಮ್ಮಾಕೆಯ ಚೀಟಿಯ ಕೆಳಗೆ ನನಗೂ ಒಂದು ಸಾಲು ಬರೆದರು: ಯಜಮಾನರು ದಿನಕ್ಕೆರಡು ಸಲ, ಊಟಕ್ಕೆ ಮೊದಲು, ಆಕೆಯ ಎದುರು ರೊಟ್ಟಿ ತಪ್ಪಾಗಿ ಬಡಿಯತಕ್ಕದ್ದು.

ಇಂದಿಗೂ ಬಿಡದೆ ತಪ್ಪಾಗಿಯೇ ಬಡಿಯುತ್ತಿದ್ದೇನೆ. ಶಿವ ಮನ್ನಿಸಲಿ, ನೆಟ್ಟಗೆ ಬಡಿಯುವುದು ನನಗೆ ಬಂದು ತಿಂಗಳಾಯಿತು. ಆಕೆಗೆ ಹೇಳಿಲ್ಲ.